ಹಬ್ಬ ಸಹಿಸದವನ ವರ್ಚಸ್ಸು

ಅಮೆರಿಕದ ಮಕ್ಕಳ ಕಥಾಲೋಕದಲ್ಲಿ ಗ್ರಿಂಚ್ ಎಂಬ ಖಳನಿದ್ದಾನೆ. ಡಾ. ಸ್ಯೂಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಥಿಯೊಡರ್ ಗೈಸೆಲ್ 1957ರಲ್ಲಿ ಸೃಷ್ಟಿಸಿದ ಈತನಿಗೆ ಕ್ರಿಸ್‌ಮಸ್ ಎಂದರೆ ಆಗದು. ಬೆಟ್ಟದ ಕೆಳಗಿನ ಊರಿನವರ ಹಾಡು, ಊಟ, ಗದ್ದಲ ಯಾವುದನ್ನೂ ಸಹಿಸಲಾರ. ಉಡುಗೊರೆಗಳನ್ನೆಲ್ಲ ಕದ್ದರೆ ಹಬ್ಬವೇ ನಿಂತೀತು ಎಂಬುದು ಅವನ ಲೆಕ್ಕಾಚಾರ. ಬೆಳಗಾದಾಗ ಊರವರು ಬರಿಗೈಯಲ್ಲೇ ಕೂಡಿ ಹಾಡುತ್ತಾರೆ. ಅವನ ಮನಸ್ಸು ಕರಗುತ್ತದೆ. ಕದ್ದದ್ದನ್ನು ಹಿಂದಿರುಗಿಸಿ ಅವರದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಅವನ ಪ್ರಸಿದ್ಧ ಹಸಿರು ಬಣ್ಣ ಕೂಡ ಪುಸ್ತಕದ್ದಲ್ಲ, 1966ರ ಟೆಲಿವಿಷನ್ ಚಿತ್ರದ ಕೊಡುಗೆ. ಇಂದು ಹಬ್ಬವೆಂದರೆ ಮುಖ ಗಂಟಿಕ್ಕುವ ಯಾರಿಗಾದರೂ ಅಲ್ಲಿ ಅದೇ ಅಡ್ಡಹೆಸರು.

ನಮ್ಮ ಸೀಮೆಯಲ್ಲಿ ಈ ಸ್ಥಾನಕ್ಕೆ ಯಾರು? ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಏಕಚಕ್ರನಗರವೆಂದೂ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂದೂ ಜನ ನಂಬುತ್ತಾರೆ. ಆದರೆ ಬಕಾಸುರನಿಗೆ ಊಟದ ಮೇಲೆ ಆಸೆಯೇ ಹೊರತು ಹಬ್ಬದ ಮೇಲೆ ದ್ವೇಷವಿರಲಿಲ್ಲ. ಆ ಪಟ್ಟ ನಿಸ್ಸಂದೇಹವಾಗಿ ಹಿರಣ್ಯಕಶಿಪುವಿನದು. ಪೂಜೆ, ಯಜ್ಞ, ಹರಿನಾಮ ಎಲ್ಲವನ್ನೂ ನಿಷೇಧಿಸಿದ ಈ ಅಸುರನ ಜನಪ್ರಿಯತೆಯಾದರೂ ಎಂಥದು! ಎರಡು ಭಾಷೆಯ ಈ ನಾಡಿನಲ್ಲಿ ಅವನಿಗೆ ಮುಖಗಳೂ ಎರಡು. ತೆಲುಗು ಬಲ್ಲವರಿಗೆ 1967ರ ‘ಭಕ್ತ ಪ್ರಹ್ಲಾದ’ದ ಎಸ್.ವಿ. ರಂಗಾರಾವ್, ಕನ್ನಡದವರಿಗೆ 1983ರ ಚಿತ್ರದ ರಾಜ್‌ಕುಮಾರ್. ಆ ಚಿತ್ರದಲ್ಲಿ ಪ್ರಹ್ಲಾದನಾಗಿ ಪುನೀತ್ ಇದ್ದರೂ ಕಂಬದ ಮುಂದೆ ಅಬ್ಬರಿಸುವ ತಂದೆಯೇ ಹೆಚ್ಚು ನೆನಪಿನಲ್ಲಿ ಉಳಿದಿದ್ದಾನೆ. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿಯೂ ಅಷ್ಟೇ. ಕೈಯಿಂದ ಹಣ ಕೊಟ್ಟು ಪಾತ್ರ ಕಟ್ಟುವವರು ಮೊದಲು ಕಣ್ಣಿಡುವುದು ದುರ್ಯೋಧನ, ಹಿರಣ್ಯಕಶಿಪುಗಳಂಥ ಕಿರೀಟದ ಪಾತ್ರಗಳ ಮೇಲೆ. ಗದೆ ತಿರುಗಿಸಿ ಮೀಸೆ ತೀಡುವ ಅವಕಾಶ ಸಾತ್ವಿಕರಿಗೆಲ್ಲಿದೆ?

ಈ ಆಕರ್ಷಣೆಗೆ ಅಬ್ಬರವೊಂದೇ ಕಾರಣವಲ್ಲ. ಭಾಗವತದ ಸಪ್ತಮ ಸ್ಕಂಧದಲ್ಲಿ ಹಿರಣ್ಯಕಶಿಪುವಿನ ದ್ವೇಷಕ್ಕೆ ಮೂಲವಿದೆ. ಸೋದರ ಹಿರಣ್ಯಾಕ್ಷ ವರಾಹನಿಂದ ಹತನಾಗಿದ್ದಾನೆ. ಯಜ್ಞಗಳನ್ನು ಧ್ವಂಸಮಾಡಿರೆಂದು ಅನುಚರರಿಗೆ ಆಜ್ಞಾಪಿಸುವ ಅದೇ ಅಧ್ಯಾಯದಲ್ಲಿ ಅವನು, ಆತ್ಮಕ್ಕೆ ಸಾವಿಲ್ಲವೆಂದು ತಾಯಿ ದಿತಿಯನ್ನು ಸಂತೈಸುತ್ತಾನೆ. ಕ್ರೌರ್ಯವೂ ವೇದಾಂತವೂ ಒಂದೇ ಬಾಯಲ್ಲಿ! ಜಯವಿಜಯರ ಶಾಪದ ಕಥೆಯಂತೆ ಅವನು ವೈಕುಂಠದ ದ್ವಾರಪಾಲಕನೇ. ಹಗೆಯ ದಾರಿಯಿಂದ ಮನೆಗೆ ಮರಳುವವನು. ಗ್ರಿಂಚ್ ಪಂಕ್ತಿಯಲ್ಲಿ ಕೂತದ್ದಕ್ಕೂ ಇದಕ್ಕೂ ಬಹಳ ಅಂತರವಿಲ್ಲವೆಂದು ನನಗನ್ನಿಸುತ್ತದೆ. ನಮ್ಮ ಕಥೆಯಲ್ಲಿ ಹೊಟ್ಟೆ ಬಗೆಯುವ ಕಾರ್ಯಕ್ರಮವೊಂದು ನಡುವೆ ಬರುತ್ತದೆ, ಅಷ್ಟೆ.

ಹೀಗೆ ಪ್ರೀತಿಯಿಂದ ಉಳಿಸಿಕೊಂಡ ಹೆಸರು ಬೈಗುಳವಾಗಿ ಬಳಕೆಯಾಗುವಾಗ ಮಾತ್ರ ತೊಡಕು ಶುರುವಾಗುತ್ತದೆ. ಹಬ್ಬಕ್ಕೆ ದೂರವಿರುವವರೆಲ್ಲ ಹಬ್ಬದ ವೈರಿಗಳೇನಲ್ಲ. ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರನ್ನು ನೋಡಿ. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದ ಬಹುಪಾಲು ಸೊಪ್ಪನ್ನು ಆ ಒಂದು ವಾರದಲ್ಲೇ ಮೇಯುತ್ತದೆ. ಬಕಾಸುರನ ಬಂಡಿಯ ಹಾಗೆ ಹೊರೆ ಹೊರೆ ಹಿಪ್ಪುನೇರಳೆ ಬರುತ್ತಲೇ ಇರಬೇಕು. ಹುಳು ಹಣ್ಣಾಗುವ ದಿನವೇ ಯುಗಾದಿ ಬಂದರೆ ಒಬ್ಬಟ್ಟು ಪಕ್ಕಕ್ಕೆ ಸರಿಯುತ್ತದೆ. ಮನೆಮಂದಿಯೆಲ್ಲ ಚಂದ್ರಿಕೆಗೆ ಹುಳು ಬಿಡಲು ನಿಲ್ಲುತ್ತಾರೆ. ಹಾಗೆಂದು ಅವರನ್ನು ಯಾರೂ ಅಸುರರೆನ್ನುವುದಿಲ್ಲ.

ಹಿರಣ್ಯಕಶಿಪುವನ್ನು ಖಳನನ್ನಾಗಿಸಿದ್ದು ಅವನ ಬೇಸರವಲ್ಲ, ಅಧಿಕಾರ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧಾಜ್ಞೆ ಮೀರಿ ಜನ ಕೂಡಿದಾಗ ಪೊಲೀಸರು ಗುಂಡು ಹಾರಿಸಿದರು, ಹಲವರು ಪ್ರಾಣ ತೆತ್ತರು. ಜನ ಸೇರುವುದನ್ನು ಸಹಿಸದ ಪ್ರಭುತ್ವವೆಂದರೆ ಅದು. ಸದ್ದು ತಗ್ಗಿಸಿ ಎಂದು ಕೇಳಿಕೊಳ್ಳುವ ನೆರೆಯವನ ಕೈಯಲ್ಲಿ ಗದೆಯೂ ಇಲ್ಲ, ಬಂದೂಕೂ ಇಲ್ಲ. ಇರುವುದು 2000ದ ಶಬ್ದಮಾಲಿನ್ಯ ನಿಯಮಗಳು ಮಾತ್ರ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶವೂ ಉಂಟು. ಕಾನೂನು ಗ್ರಿಂಚ್‌ನಷ್ಟು ನಿರ್ದಯಿಯಲ್ಲ.

ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದಾರೆ. ಪ್ರತಿವರ್ಷ ಗಣೇಶನ ಚಂದಾಕ್ಕೆ ತಪ್ಪದೆ ಹಣ ಕೊಡುವವರು. ಹಾಸಿಗೆ ಹಿಡಿದ ಪತ್ನಿಗೆ ನಿದ್ದೆ ಬಾರದೆಂದು ಒಂದು ವರ್ಷ ಪೆಂಡಾಲಿನ ಹುಡುಗರ ಬಳಿ ಹೋಗಿ, ಸ್ಪೀಕರಿನ ಮುಖವನ್ನು ಆಚೆ ತಿರುಗಿಸಿ ಎಂದಷ್ಟೇ ಕೇಳಿದರು. ‘ಬಂದ ನೋಡ್ರೋ ಹಿರಣ್ಯಕಶಿಪು’ ಎಂದೊಬ್ಬ ನಕ್ಕ. ಹುಡುಗರೆಲ್ಲ ಅವರ ಶಿಷ್ಯರ ಮಕ್ಕಳೇ. ಸ್ಪೀಕರ್ ತಿರುಗಲಿಲ್ಲ. ವಿಸರ್ಜನೆಯ ದಿನ ಬೀದಿಯ ಎಲ್ಲ ಮನೆಗಳಿಗೂ ಹಂಚಿದ ಪ್ರಸಾದದ ಪೊಟ್ಟಣ ಅವರ ಬಾಗಿಲಿಗೆ ಮಾತ್ರ ಬರಲಿಲ್ಲ.