ದವಡೆಯ ಕೀಲುನೋವು

ಹಲ್ಲುನೋವೆಂದು ದಂತವೈದ್ಯರ ಬಳಿಗೆ ಹೋಗುವವರಲ್ಲಿ ಕೆಲವರ ಹಲ್ಲುಗಳು ಸಂಪೂರ್ಣವಾಗಿ ನಿರ್ದೋಷವಾಗಿರುವುದುಂಟು. ಕಿವಿನೋವೆಂದು ಬಳಲುವ ಕೆಲವರ ಕಿವಿಯಲ್ಲಿ ಯಾವ ರೋಗವೂ ಕಾಣದು. ನೋವು ಮಾತ್ರ ನಿಜವಾದದ್ದು. ಅಂಥವರಲ್ಲಿ ಅದರ ಮೂಲವು ಅನೇಕ ವೇಳೆ ಕಿವಿಯ ಮುಂದಿರುವ ದವಡೆಯ ಕೀಲಿನಲ್ಲಿ, ಅಥವಾ ಅದನ್ನು ಆಡಿಸುವ ಸ್ನಾಯುಗಳಲ್ಲಿ ಇರುತ್ತದೆ. ಇದಕ್ಕೆ ಏನು ಮಾಡತಕ್ಕದ್ದು, ಏನನ್ನು ಮಾಡಲು ಆತುರಪಡಬಾರದು ಎಂಬುದನ್ನು ಈಗ ವಿಚಾರಮಾಡೋಣ.

ಕಿವಿಯ ಮುಂದೆ ಬೆರಳನ್ನಿಟ್ಟು ಬಾಯಿ ತೆರೆದರೆ ಈ ಕೀಲಿನ ಚಲನೆಯು ತಿಳಿಯುವುದು. ಬಾಗಿಲಿನ ಕೀಲು ತಿರುಗುವುದಷ್ಟೆ. ದವಡೆಯ ಕೀಲಾದರೋ ತಿರುಗುವುದಲ್ಲದೆ ಮುಂದಕ್ಕೆ ಜಾರುವುದೂ ಉಂಟು. ಎರಡು ಎಲುಬುಗಳ ನಡುವೆ ತೆಳ್ಳನೆಯ ಮೆತ್ತೆಯೊಂದಿದೆ. ಅದು ಸ್ಥಾನ ತಪ್ಪಿದರೆ ಬಾಯಿ ತೆರೆಯುವಾಗ ಟಿಕ್ಕೆಂಬ ಶಬ್ದವು ಕೇಳಬಹುದು. ನೋವಿಲ್ಲದ ಬರಿಯ ಶಬ್ದಕ್ಕೆ ಸಾಮಾನ್ಯವಾಗಿ ಚಿಕಿತ್ಸೆಯು ಬೇಕಿಲ್ಲ.

ಕೀಲಿಗಿಂತಲೂ ಹೆಚ್ಚಾಗಿ ನೋಯುವವು ಕೆನ್ನೆಯ ಮತ್ತು ಕಣತಲೆಯ ಸ್ನಾಯುಗಳು. ತುಟಿ ಮುಚ್ಚಿ ಸುಮ್ಮನಿರುವಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದನ್ನೊಂದು ಮುಟ್ಟಬಾರದು; ಇದೇ ದವಡೆಯ ವಿಶ್ರಾಂತಿ. ಕಷ್ಟವನ್ನು ಹಲ್ಲು ಕಚ್ಚಿ ಸಹಿಸಬೇಕೆನ್ನುತ್ತೇವೆ. ಮಾತಿಗೆ ಅದು ಒಪ್ಪುವುದು. ಹಗಲೆಲ್ಲ ಅರಿವಿಲ್ಲದೆ ಹಾಗೆಯೇ ಕಚ್ಚಿಕೊಂಡಿದ್ದರೆ ಸ್ನಾಯುಗಳು ದಣಿದು ನೋಯತೊಡಗುತ್ತವೆ. ಚಿಂತೆ ಮತ್ತು ನಿದ್ರಾಭಂಗಗಳು ಆ ನೋವನ್ನು ಬೆಳೆಸುತ್ತವೆ.

ಈ ವಿಷಯದಲ್ಲಿ ವೈದ್ಯಶಾಸ್ತ್ರವು ನಡೆದುಬಂದ ದಾರಿಯು ಬೋಧಪ್ರದವಾಗಿದೆ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ ಮೂಗುಗಳ ವೈದ್ಯ ಜೇಮ್ಸ್ ಕಾಸ್ಟನ್ ಎಂಬವರು, ಹಿಂಬದಿಯ ಹಲ್ಲುಗಳು ಬಿದ್ದುಹೋಗಿ ದವಡೆಯು ಅತಿಯಾಗಿ ಮುಚ್ಚಿಕೊಳ್ಳುವುದರಿಂದ ಕಿವಿಯ ಬಾಧೆಗಳು ಹುಟ್ಟುವುವೆಂದು ಪ್ರತಿಪಾದಿಸಿದರು. ಅವರ ವಿವರಣೆಯು ಅಂಗರಚನೆಗೆ ಹೊಂದುವುದಿಲ್ಲವೆಂದು 1948ರಲ್ಲಿ ಹ್ಯಾರಿ ಸಿಕರ್ ವಾದಿಸಿದರು. ಆದರೂ ಹಲ್ಲುಗಳ ಕೂಡಿಕೆಯೇ ದೋಷಿಯೆಂದು ಬಗೆದು, ಅವನ್ನು ಉಜ್ಜಿ ಸರಿಪಡಿಸುವ ಪದ್ಧತಿಯು ಬಹುಕಾಲ ನಡೆಯಿತು. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 25 ರೋಗಿಗಳ ಹಲ್ಲುಗಳನ್ನು ಉಜ್ಜಿದಂತೆ ನಟಿಸಲಾಯಿತು, ನಿಜವಾಗಿ ಉಜ್ಜಲಿಲ್ಲ. ಅವರಲ್ಲಿ 16 ಮಂದಿಗೆ ನೋವು ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಹೋಯಿತು. ಉಜ್ಜಿದ ಹಲ್ಲು ಮರಳಿ ಬೆಳೆಯದು. ಉಜ್ಜದೆಯೇ ಗುಣವಾಗುವುದಾದರೆ ಉಜ್ಜುವುದೇಕೆ? 1980ರ ದಶಕದಲ್ಲಿ ಅಮೆರಿಕದಲ್ಲಿ ಕೆಲವರ ಕೀಲಿನ ಮೆತ್ತೆಯನ್ನು ತೆಗೆದು ಟೆಫ್ಲಾನ್ ಸೇರಿದ ಕೃತಕ ವಸ್ತುವನ್ನು ಇರಿಸಿದರು. ಅದು ಸವೆದು ಚೂರಾಗಿ, ಅನೇಕರ ಎಲುಬನ್ನೇ ಕ್ಷಯಿಸಿತು.

ಆದಕಾರಣ ಮೊದಲು ಕೈಗೊಳ್ಳತಕ್ಕದ್ದು, ಬೇಡವಾದಾಗ ನಿಲ್ಲಿಸಬಹುದಾದ ಚಿಕಿತ್ಸೆ. ನೋವಿರುವಷ್ಟು ದಿನ ಚಕ್ಕುಲಿ, ಕಬ್ಬು, ಅಡಕೆಗಳನ್ನು ಬಿಟ್ಟು ಮೆತ್ತನೆಯ ಆಹಾರವನ್ನು ಸೇವಿಸಬೇಕು. ಆಕಳಿಸುವಾಗ ಗಲ್ಲಕ್ಕೆ ಕೈಯ ಆಸರೆ ಕೊಡಬೇಕು. ಬೆಚ್ಚನೆಯ ಶಾಖ, ಸ್ನಾಯುಗಳ ಮೃದುವಾದ ಮರ್ದನ, ವೈದ್ಯರು ಕಲಿಸಿದ ದವಡೆಯ ವ್ಯಾಯಾಮ, ಮಿತವಾದ ನೋವುನಿವಾರಕ, ಇವು ಸಹಾಯಕವಾಗುತ್ತವೆ. ದೀರ್ಘಕಾಲದ ನೋವನ್ನು ಕುರಿತು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯೂ ವ್ಯಾಯಾಮಕ್ಕೆ, ಅಂಗಮರ್ದನಕ್ಕೆ ಹಾಗೂ ನೋವಿನ ಚಿಂತೆಯನ್ನು ತಗ್ಗಿಸುವ ಮಾನಸಿಕ ಶಿಕ್ಷಣಕ್ಕೆ ಅಗ್ರಸ್ಥಾನವನ್ನು ಕೊಟ್ಟಿದೆ. ರಾತ್ರಿ ಹಲ್ಲು ಕಡಿಯುವವರಿಗೆ ದಂತವೈದ್ಯರು ಮಾಡಿಕೊಡುವ ಕವಚವು ಹಲ್ಲುಗಳ ಸವೆತವನ್ನು ತಡೆಯುವುದು. ನೋವನ್ನು ಅದೊಂದೇ ನೀಗುವುದೆಂದು ನಂಬುವುದಕ್ಕೆ ಆಧಾರವು ಸಾಲದು.

ಹಾಗೆಂದು ದವಡೆಯ ನೋವೆಲ್ಲವನ್ನೂ ಅಲಕ್ಷಿಸಲಾಗದು. ಬಾವು, ಜ್ವರ, ಬಾಯಿ ತಟ್ಟನೆ ಸಿಕ್ಕಿಕೊಳ್ಳುವುದು ಇವುಗಳಿದ್ದರೆ ಬೇಗನೆ ವೈದ್ಯರನ್ನು ಕಾಣಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಸುಕಾದರೆ ಅದು ರಕ್ತನಾಳದ ಉರಿಯೂತವಾಗಿರಬಹುದು. ತಡಮಾಡಿದರೆ ಕಣ್ಣೇ ಹೋದೀತು. ಎದೆನೋವು, ಬೆವರು, ಉಸಿರಾಟದ ಕಷ್ಟಗಳೊಡನೆ ಬಂದ ದವಡೆನೋವು ಹೃದಯದ್ದಾಗಿರಬಹುದು. ಆಗ ಹೋಗಬೇಕಾದದ್ದು ದೊಡ್ಡ ಆಸ್ಪತ್ರೆಗೆ.

ಉಳಿದ ಬಹುಪಾಲು ನೋವುಗಳು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿಮುಖವಾಗುತ್ತವೆ. ಹಲ್ಲನ್ನು ಉಜ್ಜಬೇಕು, ಕೀಳಬೇಕು, ಕೀಲನ್ನು ಕೊಯ್ಯಬೇಕು ಎಂಬ ಸಲಹೆಯು ಮೊದಲ ಭೇಟಿಯಲ್ಲಿಯೇ ಬಂದರೆ, ಒಪ್ಪುವ ಮುನ್ನ ಇನ್ನೊಬ್ಬ ಬಲ್ಲವರನ್ನು ಕೇಳುವುದು ವಿವೇಕ.