ಮೆಣಸು ಹಡಗು ಹತ್ತಿದ ಊರು ಮಿರ್ಜಾನ

ಕೋಟೆ ಅಂದರೆ ನಮ್ಮ ಕಣ್ಣ ಮುಂದೆ ವಿಜಯಪುರದ ಕೋಟೆಯೇ ಬರುತ್ತದೆ. ಕರಿ ಕಲ್ಲು, ದೊಡ್ಡ ಬುರುಜು, ಮೇಲೆ ಮಲಿಕ್-ಎ-ಮೈದಾನ ತೋಪು. ಈಗ ಬೇರೆ ಒಂದು ಕೋಟೆ ನೋಡೋಣ ಬರ್ರಿ. ಇದು ಕೆಂಪು ಕಲ್ಲಿನ ಕೋಟೆ, ಹೊಳೆ ದಂಡೆಯ ಕೋಟೆ. ಹೆಸರು ಮಿರ್ಜಾನ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಐತಿ.

ತಿಕೋಟಾದಿಂದ ವಿಜಯಪುರ, ಅಲ್ಲಿಂದ ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ‘ಕುಮಟಾ’ ಅಂತ ಬೋರ್ಡು ಓದಿ ಬಸ್ಸು ಹತ್ತಬೇಕು. ಯಾರನ್ನೂ ಕೇಳುವ ಕೆಲಸವಿಲ್ಲ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂತು. ಅಂದಿನಿಂದ ಸರಕಾರಿ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟ್ ಹಣವೂ ಇಲ್ಲ. ಯಲ್ಲಾಪುರ ದಾಟಿದರೆ ಘಟ್ಟ ಇಳಿಯುತ್ತದೆ. ಆಮೇಲೆ ಅಂಕೋಲಾ. ಮುಂದೆ ಕುಮಟಾಕ್ಕಿಂತ ಮೊದಲೇ ಮಿರ್ಜಾನ ಬರುತ್ತದೆ.

ಅಲ್ಲಿ ಇಳಿದರೆ ಸಮುದ್ರ ಕಾಣುವುದಿಲ್ಲ. ಹಾಗಾದರೆ ಇದು ಬಂದರು ಹ್ಯಾಂಗಾತು? ಇಲ್ಲಿ ಅಘನಾಶಿನಿ ಹೊಳೆ ಇದೆ. ಅದು ಸಿರ್ಸಿ ಕಡೆ ಹುಟ್ಟಿ, ಘಟ್ಟ ಇಳಿದು, ಇಲ್ಲಿಂದ ಮುಂದೆ ಸಮುದ್ರ ಸೇರುತ್ತದೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಸೆಳೆತ ಇದಕ್ಕೆ ಮುಖ್ಯ ಕಾರಣ. ನೀರು ಏರಿದಾಗ ಉಪ್ಪು ನೀರು ಹೊಳೆಯೊಳಗೆ ನುಗ್ಗುತ್ತದೆ. ಆ ನೀರಿನ ಜೊತೆ ದೋಣಿಗಳೂ ಒಳಗೆ ಬರುತ್ತಿದ್ದವು. ನೀರು ಇಳಿಯುವಾಗ ಸರಕು ತುಂಬಿಕೊಂಡು ಹೊರಗೆ ಹೋಗುತ್ತಿದ್ದವು. ನಮ್ಮ ಡೋಣಿ ಹೊಳೆಯ ನೀರೂ ಉಪ್ಪೇ. ಆದರೆ ಅದು ಮಣ್ಣಿನ ಉಪ್ಪು, ಇದು ಸಮುದ್ರದ ಉಪ್ಪು.

ಏನು ಸರಕು? ಕರಿಮೆಣಸು. ಘಟ್ಟದ ಕಾಡಿನಲ್ಲಿ, ತೋಟದಲ್ಲಿ ಮೆಣಸಿನ ಬಳ್ಳಿ ಮರಕ್ಕೆ ಹಬ್ಬುತ್ತದೆ. ಕಾಳು ಬಿಡಿಸಬೇಕು, ಬಿಸಿಲಿಗೆ ಒಣಗಿಸಬೇಕು. ಒಣಗಿದ ಮೇಲೆ ಕರಿ ಬಣ್ಣ. ಅದೇ ಕಾಳು ಹಡಗು ಹತ್ತಿ ಅರಬಸ್ಥಾನಕ್ಕೆ, ಯುರೋಪಿಗೆ ಹೋಗುತ್ತಿತ್ತು. ಅರಬಸ್ಥಾನದ ಕುದುರೆಗಳು ಈ ಕರಾವಳಿಯ ಬಂದರುಗಳಿಗೆ ಬಂದು ಇಳಿಯುತ್ತಿದ್ದವು.

ಈ ಸೀಮೆಯನ್ನು ಆಳಿದವಳು ಒಬ್ಬ ಹೆಂಗಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದಳು. ಗೋವಾದಲ್ಲಿ ಆಗ ಪೋರ್ಚುಗೀಸರು ಇದ್ದರು. 1510ರಲ್ಲಿ ಅವರು ಗೋವಾ ಕಸಿದುಕೊಂಡಿದ್ದು ನಮ್ಮ ಬಿಜಾಪುರದ ಆದಿಲಶಾಹಿಯವರಿಂದಲೇ. ಸಮುದ್ರದಲ್ಲಿ ಹಡಗು ನಡೆಸಬೇಕಾದರೆ ನಮ್ಮ ಚೀಟಿ ತೊಗೊಳ್ರಿ ಎಂದು ಎಲ್ಲರಿಗೂ ಹೇಳುತ್ತಿದ್ದರು. ಮೆಣಸು ತಮಗೇ ಸಿಗಬೇಕು, ತಮ್ಮ ಬೆಲೆಗೇ ಸಿಗಬೇಕು ಎಂಬುದು ಅವರ ಹಟ. ರಾಣಿ ಸುಮ್ಮನೆ ತಲೆಬಾಗಲಿಲ್ಲ. ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಅವರೇ ಆಕೆಗೆ ‘ಮೆಣಸಿನ ರಾಣಿ’ ಎಂದು ಹೆಸರಿಟ್ಟರು.

ಈ ಜಗಳ ನಮಗೆ ಹೊಸದಲ್ಲ. ತಿಕೋಟಾದ ಒಣದ್ರಾಕ್ಷಿ ನೋಡ್ರಿ. ಬೆಳೆಯುವವರು ಒಬ್ಬರು, ಶೆಡ್ಡಿನಲ್ಲಿ ಒಣಗಿಸಿ ಆರಿಸುವವರು ಇನ್ನೊಬ್ಬರು, ಬೆಲೆ ಹೇಳುವವರು ಮತ್ತೊಬ್ಬರು. ಬೆಲೆ ಹೇಳುವ ಮಾತು ಯಾರ ಬಾಯಲ್ಲಿ ಇರಬೇಕು? ರಾಣಿ ಹೋರಾಡಿದ್ದು ಇದಕ್ಕೇ ಅಂತ ನಮಗನಿಸುತ್ತದೆ. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನು ಆಕೆಯನ್ನು ಸೋಲಿಸಿ ಸೆರೆ ಹಿಡಿದ. ಸೆರೆಯಲ್ಲೇ ತೀರಿಕೊಂಡಳು.

ಕೋಟೆ ಕಟ್ಟಿಸಿದವರು ಯಾರು? ಇದರಲ್ಲಿ ಎರಡು ಮಾತುಂಟು. ಕೆಲವರು ಚೆನ್ನಭೈರಾದೇವಿ ಅನ್ನುತ್ತಾರೆ. ಕೆಲವರು ಬಿಜಾಪುರದ ಸುಲ್ತಾನರ ಅಧಿಕಾರಿ ಷರೀಫ್-ಉಲ್-ಮುಲ್ಕ್ ಅನ್ನುತ್ತಾರೆ. ಅಂದರೆ ಈ ಕೋಟೆಗೂ ನಮ್ಮ ಊರಿಗೂ ನಂಟು ಇದ್ದೇ ಇದೆ. ಇದು ಜಂಬಿಟ್ಟಿಗೆ ಕಲ್ಲಿನದು. ಈ ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ ಇರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಎರಡು ಸುತ್ತು ಗೋಡೆ, ಎತ್ತರದ ಬುರುಜು, ಸುತ್ತ ಕಂದಕ. ಒಳಗೆ ಹಲವು ಬಾವಿ. ಮಳೆಗಾಲದಲ್ಲಿ ಗೋಡೆ ತುಂಬ ಹಸಿರು ಹುಲ್ಲು ಬೆಳೆದು ನೋಡಲು ಬಹಳ ಚಂದ. ಕಾಲು ಮಾತ್ರ ಜಾರುತ್ತದೆ, ಜ್ವಾಕಿ!

2000ದ ಸುಮಾರಿಗೆ ಪುರಾತತ್ವ ಇಲಾಖೆಯವರು ಇಲ್ಲಿ ಅಗೆದು ನೋಡಿದರು. ತೋಪಿನ ಗುಂಡು, ಪೋರ್ಚುಗೀಸರ ಬಂಗಾರದ ನಾಣ್ಯ, ಚೀನಾ ದೇಶದ ಪಿಂಗಾಣಿ ಚೂರು ಸಿಕ್ಕವು. ಚೀನಾದ ಬಟ್ಟಲು ಇಲ್ಲಿಯವರ ಅಡುಗೆಮನೆಗೆ ಬಂದಿತ್ತು ನೋಡ್ರಿ!

ಇನ್ನೊಂದು ಸೋಜಿಗ. ಕೆಂಪು ಮೆಣಸಿನಕಾಯಿ ನಮ್ಮ ದೇಶದ್ದಲ್ಲ. ಅಮೆರಿಕದಲ್ಲಿ ಹುಟ್ಟಿದ್ದು. ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂತು. ಅದಕ್ಕೂ ಮೊದಲು ನಮ್ಮ ಹಿರಿಯರ ಸಾರಿಗೆ ಖಾರ ಕೊಟ್ಟಿದ್ದು ಕರಿಮೆಣಸು. ಹೊಸ ಕಾಯಿಗೂ ಮೆಣಸಿನ ಹೆಸರೇ ಅಂಟಿಕೊಂಡಿತು. ಈಗ ಅದಿಲ್ಲದೆ ನಮ್ಮ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ.

ಮೆಣಸಿನ ಹಡಗು ಇಂದು ಮಿರ್ಜಾನಕ್ಕೆ ಬರುವುದಿಲ್ಲ. ಹೊಳೆ ಮಾತ್ರ ಹಾಗೇ ಏರುತ್ತದೆ, ಇಳಿಯುತ್ತದೆ. ಉಪ್ಪು ನೀರಿನ ಗದ್ದೆಯಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ನೀರು ಇಳಿದಾಗ ಅಲ್ಲಿಯ ಹೆಂಗಸರು ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಾರೆ. ಕೆಸರಿನಿಂದ ಚಿಪ್ಪಿ ಆರಿಸುತ್ತಾರೆ. ಮತ್ತೆ ನೀರು ಏರುವುದರೊಳಗೆ ಬುಟ್ಟಿ ತುಂಬಿಸಿಕೊಂಡು ದಂಡೆಗೆ ಬಂದಿರುತ್ತಾರೆ.