ಕಾವೇರಿಯ ಬಾಗಿಲಲ್ಲಿ ಕೃತ್ರಿಮ ಜನಸಂದಣಿ

ಸ್ಥಿರಾಸ್ತಿಗಳ ನೋಂದಣಿಗಾಗಿ ಸರಕಾರವು 2023ರಲ್ಲಿ ಬಳಕೆಗೆ ತಂದ ‘ಕಾವೇರಿ 2.0’ ತಂತ್ರಾಂಶವು ಮೊದಮೊದಲು ಪರೀಕ್ಷೆಗೊಳಪಟ್ಟ ಕಚೇರಿಗಳಲ್ಲಿ ನಮ್ಮ ಚಿಂಚೋಳಿಯದೂ ಒಂದೆಂಬುದನ್ನು ವಾಚಕರು ಮರೆತಿರಲಾರರು. ಅದೇ ತಂತ್ರಾಂಶವು 2025ರ ಆರಂಭದಲ್ಲಿ ನಾಡಿನುದ್ದಕ್ಕೂ ಕುಂಟಿತು. ಎರಡು ತಾಸುಗಳಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದೆರಗಿದವೆಂದೂ, ಅವುಗಳ ಹಿಂದೆ 62 ಖಾತೆಗಳೂ 14 ಅಂತರಜಾಲ ವಿಳಾಸಗಳೂ ಇದ್ದವೆಂದೂ ಸರಕಾರದ ಕಡೆಯಿಂದ ತಿಳಿದುಬಂದಿತು. ಫೆಬ್ರುವರಿಯಲ್ಲಿ ಪೋಲೀಸರಿಗೆ ದೂರೂ ಹೋಯಿತು.

ಇಲ್ಲಿ ದಫ್ತರದ ಕೋಣೆಯ ಬೀಗವನ್ನು ಯಾರೂ ಮುರಿಯಬೇಕಾಗಲಿಲ್ಲ. ಋಣಭಾರ ಪತ್ರದ ಹುಡುಕಾಟವು ದತ್ತಾಂಶ ಭಂಡಾರಕ್ಕೆ ಬಲು ಶ್ರಮದ ಕೆಲಸ. ಒಂದು ಹೆಸರನ್ನು ಕೇಳಿದರೆ ಎಷ್ಟೋ ವರ್ಷಗಳ ದಾಖಲೆಗಳನ್ನು ಅದು ತಡಕಾಡಬೇಕು. ಕೇಳುವವನಿಗೋ ಬೆರಳ ತುದಿಯ ಆಯಾಸವೂ ಇಲ್ಲ. ಗುಮಾಸ್ತನಾದರೆ ಹತ್ತನೆಯ ಸುಳ್ಳು ಅರ್ಜಿಗೆ ಗದರಿಸಿಯಾನು. ಸರ್ವರ್ ಯಂತ್ರವಾದರೋ, ಮಿತಿಯನ್ನು ಮೊದಲೇ ವಿಧಿಸದಿದ್ದಲ್ಲಿ, ಬಂದವರೆಲ್ಲರನ್ನೂ ಸಮನಾಗಿ ಆದರಿಸಿ ತಾನೇ ಬಸವಳಿಯುವದು.

ಹಾನಿ ತಟ್ಟುವದು ಯಾರಿಗೆ? ಮುಹೂರ್ತ ನೋಡಿ ಸಾಕ್ಷಿದಾರರೊಡನೆ ಸೇಡಂಗೋ ಚಿತ್ತಾಪುರಕ್ಕೋ ಬಂದ ತೊಗರಿಯ ರೈತನಿಗೆ. ಬ್ಯಾಂಕಿನ ಸಾಲಕ್ಕಾಗಿ ಋಣಭಾರ ಪತ್ರ ಬೇಕಾದ ವಾಡಿಯ ಸಿಮೆಂಟ್ ಕೆಲಸಗಾರನಿಗೆ. ದಿನದ ಕೂಲಿ ಬಿಟ್ಟು ಬಂದ ಶಹಾಬಾದದ ಕಲ್ಲುಗಣಿಯವನಿಗೆ.

ಅಪರಾಧಿಯನ್ನು ಹಿಡಿಯುವದು ಪೋಲೀಸರ ಕೆಲಸ. ಒಂದು ಖಾತೆಗೆ ತಾಸಿಗೆ ಇಷ್ಟೇ ಹುಡುಕಾಟವೆಂಬ ಕಟ್ಟು, ಹುಡುಕಾಟಕ್ಕೂ ಆ ದಿನದ ನೋಂದಣಿಗೂ ಬೇರೆ ಬೇರೆ ಯಂತ್ರ, ಇವುಗಳ ಹೊಣೆ ಇಲಾಖೆಯದು. ತಂತ್ರಾಂಶ ನಿಂತ ದಿನ ಬಂದವರಿಗೆ ಮುಂದಿನ ಸರತಿಯನ್ನು ಬರೆದುಕೊಡುವ ಒಂದು ವಹಿಯಾದರೂ ಪ್ರತಿ ಉಪನೋಂದಣಿ ಕಚೇರಿಯ ಮೇಜಿನ ಮೇಲಿರಲಿ. ಅದಕ್ಕೆ ವಿದ್ಯುತ್ತೂ ಬೇಡ.